ಆ ತಟ್ಟೆ ನಾನು ಬಡಿಸಿರಲಿಲ್ಲ

ಹೋದ ತಿಂಗಳು ನಿಮ್ಮ ಶಾಲೆಯ ಭಾಷಣ ಸ್ಪರ್ಧೆಯಲ್ಲಿ ನಿಮ್ಮಲ್ಲಿ ದೊಡ್ಡವಳು ತಾತನ ವಿಷಯ ಮಾತಾಡಿ ಬಹುಮಾನ ತಂದಳು. "ನಮ್ಮ ತಾತ ಬಡಿಸಿದ ತಟ್ಟೆಯನ್ನು ಬಿಟ್ಟು, ಯಾರ ಅಪ್ಪಣೆಗೂ ಕಾಯದೆ, ಜನರ ಮನೆಯ ದೀಪ ಹೊತ್ತಿಸಲು ಕಂಬ ಹತ್ತಿದರು" ಎಂದಾಗ ಇಡೀ ಸಭೆ ಚಪ್ಪಾಳೆ ತಟ್ಟಿತು. ನಾನು ಕೊನೆಯ ಸಾಲಿನಲ್ಲಿ ಕೂತಿದ್ದೆ. ತಟ್ಟಲಿಲ್ಲ. ಮನೆಗೆ ಬರುವಾಗ ಚಿಕ್ಕವನು, "ಅಜ್ಜಿ, ನಿಂಗೆ ಇಷ್ಟ ಆಗ್ಲಿಲ್ವಾ?" ಎಂದು ಕೇಳಿದ. ಬಾಯಿಬಿಟ್ಟು ಹೇಳುವುದು ನನಗೆ ಮೊದಲಿಂದಲೂ ಕಷ್ಟ. ಅದಕ್ಕೇ ಬರೆಯುತ್ತಿದ್ದೇನೆ.

ಆ ತಟ್ಟೆ ಸುಳ್ಳು. ಅದನ್ನು ನಿಮ್ಮ ಅಪ್ಪನಿಗೆ ಹೇಳಿಕೊಟ್ಟವಳು ನಾನೇ. ನನಗೆ ಹೇಳಿಕೊಟ್ಟವರು ಒಬ್ಬ ದೊಡ್ಡ ನಾಯಕರು.

ನಿಮ್ಮ ತಾತ ಜಯನಗರದ ಕಡೆಗೆ ಲೈನ್‌ಮನ್ ಆಗಿದ್ದರು. ಕಂಬದ ಮೇಲೆ ಕರೆಂಟ್ ಹೊಡೆದು ಅವರು ಹೋದಾಗ ನಿಮ್ಮ ಅಪ್ಪ ಎರಡನೇ ಕ್ಲಾಸು. ಕರೆಂಟ್ ಆಫೀಸಿನ ಅಂಗಳದಲ್ಲಿ ಶಾಮಿಯಾನ ಹಾಕಿ ಸಂತಾಪ ಸಭೆ ಮಾಡಿದರು. ನಾನು ಸೆರಗು ಹೊದ್ದು ನೆಲ ನೋಡುತ್ತ ಕೂತಿದ್ದೆ. ನಾಯಕರು ಮಾತಾಡಿದರು. ತಟ್ಟೆಯ ಮಾತು ಬಂದಾಗ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ಅಷ್ಟು ದೊಡ್ಡ ಮನುಷ್ಯ ನನ್ನ ಯಜಮಾನರಿಗಾಗಿ ಅಳುತ್ತಿದ್ದಾರಲ್ಲ ಎಂದು ನನಗೂ ಅಳು ಉಕ್ಕಿತು. ಆ ದಿನ ನಾನು ತಟ್ಟೆ ಹಾಕಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಅವರು ಹೇಳಿದ್ದನ್ನು ಅಚ್ಚು ಮಾಡಿ ಒಂದು ಹಾಳೆ ಕೊಟ್ಟರು. ಆದರೂ ಅದನ್ನು ಟ್ರಂಕಿನಲ್ಲಿ ಇಟ್ಟುಕೊಂಡು ನಿಮ್ಮ ಅಪ್ಪನಿಗೆ ಓದಿ ಹೇಳುತ್ತಿದ್ದೆ. ಆರು ತಿಂಗಳು ಕಳೆಯುವುದರೊಳಗೆ ಆ ತಟ್ಟೆಯಲ್ಲಿ ಏನೇನಿತ್ತು ಎಂಬುದೂ ನನ್ನ ಕಣ್ಣಿಗೆ ಕಟ್ಟಿಬಿಟ್ಟಿತ್ತು. ಒಂದು ಮುದ್ದೆ, ಹುರುಳಿ ಸಾರು, ಅಂಚಿನಲ್ಲಿ ಒಂದು ಈರುಳ್ಳಿ.

ಆಮೇಲೆ ಮೂರು ವರ್ಷ ನಾನು, ಸತ್ತ ನೌಕರರ ಮನೆಯವರಿಗೆ ಕೊಡುವ ಅನುಕಂಪದ ಕೆಲಸಕ್ಕಾಗಿ ಆಫೀಸು ಅಲೆದೆ. ಹೊಸಕೆರೆಹಳ್ಳಿಯಿಂದ ನಡೆದು ಬರುತ್ತಿದ್ದೆ. ಮೇಜಿನ ಮುಂದೆ ನಿಂತರೆ ಅಲ್ಲಿಯ ಗುಮಾಸ್ತರು ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದರು.

"ಅವರೇ ಹೋಗಿ ಹತ್ತಿದ್ದಲ್ವೇನಮ್ಮ? ಡ್ಯೂಟಿ ಮೇಲೆ ಕಳಿಸಿದ್ದು ಅಂತ ಎಲ್ಲೂ ಇಲ್ವಲ್ಲ."

ನಾನು ತಲೆ ತಗ್ಗಿಸಿ ಹೊರಟುಬರುತ್ತಿದ್ದೆ. ಈ ಮಾತು ಎಲ್ಲಿಂದ ಹುಟ್ಟಿತು ಎಂದು ಒಂದು ದಿನವೂ ಯೋಚಿಸಲಿಲ್ಲ. ನಮ್ಮ ಹಳ್ಳಿ ಶಾಲೆಯಲ್ಲಿ ಕಲಿಸಿದ್ದು ಓದು, ಬರಹ, ಮೇಷ್ಟ್ರ ಮುಂದೆ ಕೈ ಕಟ್ಟಿ ನಿಲ್ಲುವುದು. ಆ ಅಲೆದಾಟದ ನಡುವೆ ಹನುಮಂತನಗರದ ಒಂದು ಇನ್‌ಸ್ಟಿಟ್ಯೂಟಿನಲ್ಲಿ ಕನ್ನಡ ಟೈಪಿಂಗ್ ಕಲಿತೆ. ಆಗ ಕಚೇರಿಗಳಲ್ಲಿ ಕನ್ನಡ ತರಬೇಕೆಂದು ಯಂತ್ರ ತರಿಸಿದ್ದರು, ಹೊಡೆಯುವವರು ಇರಲಿಲ್ಲ. ಕೊನೆಗೆ ನನಗೆ ಕೆಲಸ ಕೊಟ್ಟದ್ದು ಯಂತ್ರದ ಅನುಕಂಪದಿಂದ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಈಗ ಹೇಳುವುದು ಎಂಬತ್ತರ ದಶಕದ ನಡುವಿನ ಮೂರು ದಿನಗಳ ಕಥೆ.

ನಾನು ಸೇರಿದ ಕರೆಂಟ್ ಆಫೀಸು ಬನಶಂಕರಿಯಲ್ಲಿತ್ತು. ಇಂಗ್ಲಿಷ್ ಟೈಪಿಸ್ಟ್ ಇಬ್ಬರು. ಕನ್ನಡದ ಯಂತ್ರ ಒಂದೇ, ಅದರ ಮುಂದೆ ನಾನು. ನನ್ನ ಪಕ್ಕದಲ್ಲೇ ಫೋನ್ ಇದ್ದುದರಿಂದ ಬಂದ ಸುದ್ದಿಯನ್ನು ಮೆಸೇಜ್ ಪುಸ್ತಕದಲ್ಲಿ ಬರೆಯುವುದೂ ನನ್ನ ಪಾಲಿಗೇ ಬಂದಿತ್ತು. ಎಷ್ಟು ಹೊತ್ತಿಗೆ, ಯಾರು, ಏನು ಹೇಳಿದರು, ಅಷ್ಟೇ. ಸ್ವಂತ ಮಾತು ಒಂದೂ ಸೇರಿಸುವಂತಿಲ್ಲ.

ನಿಮಗೆ ಒಂದು ಪದ್ಧತಿ ಗೊತ್ತಿರಬೇಕು. ಲೈನ್‌ಮನ್ ಕಂಬ ಹತ್ತುವ ಮೊದಲು ಆ ಲೈನಿನ ಕರೆಂಟನ್ನು ಸಬ್‌ಸ್ಟೇಷನ್ನಿನಲ್ಲಿ ತೆಗೆಸಬೇಕು. ತೆಗೆದಿದೆ ಎಂದು ಅಲ್ಲಿಂದ ಬರುವ ಮಾತಿಗೆ ಲೈನ್ ಕ್ಲಿಯರ್ ಎನ್ನುತ್ತಾರೆ. ಹತ್ತಿದವನು ಕೆಲಸ ಮುಗಿಸಿ, ಇಳಿದು, ಹತ್ತಿರದ ಫೋನಿಂದ ಆಫೀಸಿಗೆ ತಾನೇ ಹೇಳಬೇಕು. ಅದಾದ ಮೇಲಷ್ಟೇ ಕರೆಂಟ್ ವಾಪಸ್. ಈ ಒಂದು ಮಾತಿನ ಮೇಲೆ ಅವನ ಜೀವ ನಿಂತಿರುತ್ತದೆ.

ಮಂಗಳವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಸೆಕ್ಷನ್ ಇಂಜಿನಿಯರ್ ಫೋನ್ ಮಾಡಿದರು. ಬಿಟಿಎಂ ಲೇಔಟಿನಲ್ಲಿ ಶಾಲೆಯ ಹಿಂದಿನ ಕಂಬದ ತಂತಿ ಕಡಿದಿದೆ, ಲೈನ್ ಕ್ಲಿಯರ್ ತೆಗೆದುಕೊಂಡಾಗಿದೆ, ಲೈನ್‌ಮನ್ ಕೂಡಲೇ ಹೋಗಲಿ ಎಂದರು. ಬರೆದುಕೊಂಡೆ. ಲೈನ್‌ಮನ್ ಅಲ್ಲೇ ಬಾಗಿಲ ಬಳಿ ಸೈಕಲ್ ಒರೆಸುತ್ತಿದ್ದ. ಇಪ್ಪತ್ತೆಂಟು ವರ್ಷವೋ ಏನೋ. ನನ್ನನ್ನು ಅಕ್ಕ ಅನ್ನುತ್ತಿದ್ದ.

"ಅಕ್ಕ, ಬುತ್ತಿ ಬಿಚ್ಚೋಣ ಅಂತಿದ್ದೆ. ಸರಿಯಾಗಿ ಇವಾಗ್ಲೇ ಬಂತು ನೋಡಿ ಫೋನು" ಎಂದು ನಕ್ಕು, ಟಿಫನ್ ಕ್ಯಾರಿಯರನ್ನು ಸೈಕಲ್ಲಿಗೆ ನೇತುಹಾಕಿಕೊಂಡು ಹೋದ.

ಹನ್ನೊಂದೂ ಐದಕ್ಕೆ ಅದೇ ಇಂಜಿನಿಯರ್ ಮತ್ತೆ ಫೋನ್ ಮಾಡಿದರು. "ಇನ್ನೈದು ನಿಮಿಷದಲ್ಲಿ ಸಪ್ಲೈ ಕೊಡ್ತಿದೀವಿ. ಕಂಪ್ಲೇಂಟ್ ಕೊಟ್ಟೋರಿಗೆ ಹೇಳಿಬಿಡಿ."

ಬರೆಯುತ್ತಿದ್ದ ನನ್ನ ಕೈ ನಿಂತಿತು. ಲೈನ್‌ಮನ್ ಇನ್ನೂ ಫೋನ್ ಮಾಡಿರಲಿಲ್ಲ. 'ಅವರು ಇಳಿದಿದಾರಾ ಸಾರ್?' ಎಂಬ ಮಾತು ನನ್ನ ತುಟಿವರೆಗೂ ಬಂತು. ಇಂಜಿನಿಯರಿಗೆ ನಾನು ಕೇಳುವುದೇ? ಅವರಿಗೆ ಗೊತ್ತಿಲ್ಲವೇ? ನಾನು ನಾಲಿಗೆ ಕಚ್ಚಿಕೊಂಡು, "ಆಯ್ತು ಸಾರ್" ಎಂದೆ. ಪುಸ್ತಕದಲ್ಲಿ ಅಕ್ಷರ ತಪ್ಪದೆ ಬರೆದೆ.

ಅವನು ಇಳಿದಿರಲಿಲ್ಲ.

ಮಕ್ಕಳೇ, ಆ ಮೂರು ಪದವನ್ನು ನಾನು ಕೇಳಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಇಂಜಿನಿಯರ್ ಗದರಿಸಿ ಫೋನ್ ಇಡುತ್ತಿದ್ದರೋ ಏನೋ. ಆದರೆ ನಾನು ಕೇಳಲಿಲ್ಲ. ನನ್ನನ್ನು ಎಲ್ಲರೂ ಸಂಕೋಚದ ಹೆಂಗಸು ಎಂದು ಹೊಗಳುತ್ತಿದ್ದರು. ಅವತ್ತಿನಿಂದ ಆ ಹೊಗಳಿಕೆ ಕೇಳಿದರೆ ನನಗೆ ಮೈ ಉರಿಯುತ್ತದೆ.

ಗುರುವಾರ ಸಂತಾಪ ಸಭೆ ಎಂದಾಯಿತು. ಸಂಜೆ ನಾಲ್ಕಕ್ಕೆ, ಆಫೀಸಿನ ಅಂಗಳದಲ್ಲಿ. ಅದೇ ನಾಯಕರು. ಈಗ ಇನ್ನೂ ದೊಡ್ಡ ಸ್ಥಾನದಲ್ಲಿದ್ದರು. ಬೆಳಿಗ್ಗೆ ಹನ್ನೊಂದಕ್ಕೆ ಅವರ ಪಿ.ಎ. ಒಂದು ಫೋಲ್ಡರ್ ಹಿಡಿದು ನಮ್ಮ ಹೆಡ್ ಕ್ಲಾರ್ಕ್ ಜೊತೆ ನನ್ನ ಮೇಜಿಗೆ ಬಂದರು.

"ಹೊಸದಾಗಿ ಏನೂ ಹೊಡೆಯೋದು ಬೇಡಮ್ಮ. ಸ್ಟೆನ್ಸಿಲ್ ರೆಡಿ ಇದೆ. ಹೆಸರಿನ ಜಾಗದಲ್ಲಿ ಹೊಸ ಹೆಸರು ಹಾಕಿ, ನೂರು ಕಾಪಿ ತೆಗೀರಿ. ಪೇಪರ್‌ನೋರಿಗೂ ಕೊಡ್ಬೇಕು" ಎಂದು ಪಿ.ಎ. ಹೇಳಿ, ಕಾಫಿಗೆ ಹೋದರು.

ಸ್ಟೆನ್ಸಿಲ್ ಎಂದರೆ ಮೇಣ ಹಚ್ಚಿದ ತೆಳು ಹಾಳೆ. ಯಂತ್ರದ ರಿಬ್ಬನ್ ಸರಿಸಿ ಬರಿ ಅಚ್ಚು ಬಡಿಯುವಂತೆ ಹೊಡೆದರೆ ಅಕ್ಷರ ಬಿದ್ದ ಕಡೆ ಮೇಣ ಹರಿದು ಕಂಡಿ ಬೀಳುತ್ತದೆ. ಆ ಹಾಳೆಯನ್ನು ಸೈಕ್ಲೋಸ್ಟೈಲ್ ಯಂತ್ರದ ಉರುಳೆಗೆ ಸುತ್ತಿ ಹಿಡಿ ತಿರುಗಿಸಿದರೆ ಕಂಡಿಯಿಂದ ಮಸಿ ಇಳಿದು ಕಾಗದದ ಮೇಲೆ ಅಕ್ಷರ ಮೂಡುತ್ತದೆ. ಗಟ್ಟಿಯಾಗಿ ಹೊಡೆದರೆ ಸೊನ್ನೆಗಳೆಲ್ಲ ಕಿತ್ತು ಬರುತ್ತವೆ. ಮೆಲ್ಲಗೆ ಹೊಡೆದರೆ ಒತ್ತಕ್ಷರಗಳು ಕಾಣುವುದಿಲ್ಲ. ತಪ್ಪಾದರೆ ಕೆಂಪು ದ್ರವ ಹಚ್ಚಿ ಕಂಡಿ ಮುಚ್ಚಬೇಕು. ಒಣಗಿದ ಮೇಲೆ ಅಲ್ಲೇ ಮತ್ತೆ ಹೊಡೆಯಬಹುದು. ಜೋಪಾನ ಮಾಡುವವರು ಮಸಿ ಒರೆಸಿ, ಹಳೆ ಪೇಪರಿನ ನಡುವೆ ಇಟ್ಟು, ಅದೇ ಸ್ಟೆನ್ಸಿಲನ್ನು ವರ್ಷಗಟ್ಟಲೆ ಬಳಸುತ್ತಿದ್ದರು. ಈ ಪಿ.ಎ. ಅಂಥ ಜೋಪಾನದ ಮನುಷ್ಯ.

ಹೆಸರಿನ ಜಾಗದಲ್ಲಿ ಕೆಂಪು ದಪ್ಪಗೆ ಹಕ್ಕಳೆ ಕಟ್ಟಿತ್ತು. ಎಷ್ಟು ಅಕ್ಷರ ಹಿಡಿಯುತ್ತದೆ ನೋಡೋಣ ಎಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮೊದಲು ಕಣ್ಣಿಗೆ ಬಿದ್ದದ್ದು ಹೆಸರಲ್ಲ, ಅದರ ಕೆಳಗಿನ ಸಾಲು. 'ಬಡಿಸಿದ ತಟ್ಟೆಯನ್ನು ಬಿಟ್ಟೆದ್ದು, ಯಾರ ಅಪ್ಪಣೆಗೂ ಕಾಯದೆ...'

ನನಗೆ ಬಾಯಿಪಾಠವಾಗಿದ್ದ ಸಾಲು.

ಉಗುರಿನಿಂದ ಕೆಂಪನ್ನು ಕೆರೆದೆ. ಒಂದು ಪದರ ಎದ್ದು ಬಂತು. ಯಾರೋ ಬಸ್ ಡ್ರೈವರ್ ಹೆಸರು, ಮುಂದೆ 'ಬಸ್ ಚಾಲಕ' ಎಂದಿತ್ತು. ಇನ್ನೂ ಕೆರೆದೆ. ಅದರ ಕೆಳಗೆ ನಿಮ್ಮ ತಾತನ ಹೆಸರು ಇತ್ತು. ಮೊದಲ ಅಕ್ಷರದ ದೀರ್ಘ ಸ್ವಲ್ಪ ಕೆಳಗೆ ಇಳಿದಿತ್ತು. ನನ್ನ ಟ್ರಂಕಿನ ಹಾಳೆಯಲ್ಲೂ ಅದು ಹಾಗೇ ಇಳಿದಿದೆ.

ಬಸ್ ಡ್ರೈವರ್ ಕೂಡ ತಟ್ಟೆ ಬಿಟ್ಟು ಎದ್ದಿದ್ದನೇ? ಇವತ್ತು ಈ ಹುಡುಗನೂ ಎದ್ದು ಹೋಗಬೇಕೇ? ಅವನ ಬುತ್ತಿ ಸೈಕಲ್ಲಿನಲ್ಲಿ ಬಿಚ್ಚದೆ ನೇತಾಡುತ್ತಿದ್ದುದನ್ನು ನಮ್ಮ ಆಫೀಸಿನವರೇ ಮನೆಗೆ ತಲುಪಿಸಿ ಬಂದಿದ್ದರು.

ಹೆಡ್ ಕ್ಲಾರ್ಕ್ ಹತ್ತಿರ ಹೋಗಿ ಹಾಳೆ ತೋರಿಸಿದೆ. ಅವರು ನಿವೃತ್ತಿಗೆ ಹತ್ತಿರವಿದ್ದವರು, ಕೆಟ್ಟವರಲ್ಲ.

"ಸಾರ್, ಇದರಲ್ಲಿ ನಮ್ಮ ಯಜಮಾನರ ಹೆಸರಿದೆ."

ಕನ್ನಡಕ ಏರಿಸಿ ನೋಡಿದರು. "ಹೌದಲ್ಲಮ್ಮ... ಅದಕ್ಕೇನೀಗ? ಒಳ್ಳೇ ಮಾತು ತಾನೇ ಇರೋದು? ಒಳ್ಳೇ ಮಾತು ಯಾರಿಗೆ ಹೇಳಿದ್ರೂ ಒಳ್ಳೇದೇ."

"ಒಳ್ಳೇದೇ ಸಾರ್. ನಿಜ ಅಲ್ಲ."

"ಸತ್ತೋರ ವಿಷಯದಲ್ಲಿ ನಿಜ ಯಾಕಮ್ಮ ಹುಡುಕ್ತೀರಿ? ಮನೆಯೋರಿಗೆ ಸಮಾಧಾನ ಆಗ್ಲಿ ಅಂತ ಹೇಳೋದು."

"ನಾನೇ ಮನೆಯೋಳು ಸಾರ್" ಎಂದೆ.

ಅವರು ಹಾಳೆಯನ್ನು ನನ್ನ ಕಡೆಗೆ ಸರಿಸಿದರು. ನಾನು ನನ್ನ ಮೇಜಿಗೆ ಬಂದೆ. ಸ್ಟೆನ್ಸಿಲನ್ನು ಮಡಚಬಾರದು, ಒಂದು ಸಲ ಮಡಚಿದರೆ ಮೇಣ ಬಿರಿಯುತ್ತದೆ, ಮತ್ತೆ ಉರುಳೆಗೆ ಹಾಕಿದರೆ ಬಿರುಕಿನಿಂದೆಲ್ಲ ಮಸಿ ಸುರಿಯುತ್ತದೆ. ಇನ್‌ಸ್ಟಿಟ್ಯೂಟಿನಲ್ಲಿ ಮೊದಲ ದಿನ ಹೇಳಿಕೊಡುವ ಪಾಠ ಅದು. ನಾನು ಅದನ್ನು ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ ಮಡಚಿದೆ. ಉಗುರಿನಿಂದ ಮಡಿಕೆ ತೀಡಿದೆ. ನನ್ನ ಜೀವನದಲ್ಲಿ ನಾನು ಬೇಕೆಂದೇ ಹಾಳುಮಾಡಿದ ಮೊದಲ ಸರ್ಕಾರಿ ವಸ್ತು ಅದು. ಮಡಚಿದ್ದನ್ನು ಕೈಚೀಲಕ್ಕೆ ಹಾಕಿಕೊಂಡೆ.

ಪಿ.ಎ. ಕಾಫಿ ಮುಗಿಸಿ ಬಂದರು. "ಆಯ್ತೇನಮ್ಮ?"

"ಇಲ್ಲ ಸಾರ್. ಸ್ಟೆನ್ಸಿಲ್ ಮಡಚಿಹೋಗಿದೆ."

"ಮಡಚಿಹೋಗಿದೆಯಾ? ಅದೇನು ತಾನಾಗೇ ಮಡಚ್ಕೊಳ್ಳುತ್ತಾ?"

"ಇಲ್ಲ. ನಾನೇ ಮಡಚಿದ್ದು."

ಅವರು ನನ್ನನ್ನು ಮೊದಲ ಸಲ ನೋಡುವಂತೆ ನೋಡಿದರು. ಗಡಿಯಾರ ನೋಡಿದರು. ಬೈಯಲು ಹೊತ್ತಿರಲಿಲ್ಲ. ಕುರ್ಚಿ ಎಳೆದುಕೊಂಡು, "ಹೊಸ ಸ್ಟೆನ್ಸಿಲ್ ಹಾಕಿ. ನಾನ್ ಹೇಳ್ತೀನಿ, ನೀವ್ ಹೊಡೀರಿ" ಎಂದರು.

ಹಾಕಿದೆ. ಅವರು ಕಣ್ಣು ಮುಚ್ಚಿಕೊಂಡು ಹೇಳುತ್ತ ಹೋದರು. ಕರ್ತವ್ಯವೇ ದೇವರು, ದೀಪ ತಾನು ಉರಿದು ಬೆಳಕು ಕೊಡುತ್ತದೆ, ಇಂಥವರಿಗೆ ಸಾವಿಲ್ಲ. ನಾನು ಹೊಡೆಯುತ್ತ ಹೋದೆ. ಅದರಲ್ಲಿ ನನಗೆ ತಕರಾರಿರಲಿಲ್ಲ. ಅದು ಯಾರನ್ನೂ ಕುರಿತ ಮಾತಲ್ಲ. ಆಮೇಲೆ ಆ ಸಾಲು ಬಂತು. ನನ್ನ ಕೈ ಕೀಲಿಗಳ ಮೇಲೆ ನಿಂತಿತು.

"ಏನಮ್ಮ, ಕೇಳಿಸ್ಲಿಲ್ವಾ? ಬಡಿಸಿದ ತಟ್ಟೆಯನ್ನು ಬಿಟ್ಟೆದ್ದು, ಯಾರ ಅಪ್ಪಣೆಗೂ..."

"ಕೇಳಿಸ್ತು ಸಾರ್. ಆ ಸಾಲು ನಾನು ಹೊಡೆಯಲ್ಲ."

ಪಕ್ಕದ ಇಂಗ್ಲಿಷ್ ಯಂತ್ರಗಳೆರಡೂ ನಿಂತವು.

"ಯಾಕೆ?"

"ಅಪ್ಪಣೆ ಇತ್ತು. ಫೋನಲ್ಲಿ ಬಂತು. ಬರ್ಕೊಂಡೋಳು ನಾನೇ."

ಪಿ.ಎ. ಸಿಟ್ಟು ಮಾಡಿಕೊಳ್ಳಲಿಲ್ಲ. ಮಗುವಿಗೆ ಲೆಕ್ಕ ಹೇಳಿಕೊಡುವವರ ಹಾಗೆ ದನಿ ತಗ್ಗಿಸಿದರು. "ನೋಡಮ್ಮ, ಮಿಕ್ಕಿದ್ದು ಏನಿಲ್ದಿದ್ರೂ ಆ ಸಾಲು ಇರ್ಲೇಬೇಕು. ಮುಂದಿನ ವಾರ ವಿಚಾರಣೆ. ಅವನೇ ಉತ್ಸಾಹದಲ್ಲಿ ಹೋಗಿ ಹತ್ತಿದ ಅಂತ ನಾಯಕರೇ ಹೇಳಿದ್ದು ಪೇಪರ್‌ನಲ್ಲಿ ಬಂದ್ರೆ ಅದನ್ನೇ ಫೈಲಿಗೆ ಹಾಕ್ತಾರೆ. ಯಾರಿಗೂ ತೊಂದ್ರೆ ಇಲ್ಲ. ಸತ್ತೋನಿಗೂ ಮರ್ಯಾದೆ, ಇದ್ದೋರಿಗೂ ಮರ್ಯಾದೆ."

ಆಗ ನನಗೆ ಆ ಗುಮಾಸ್ತರ ಮಾತು ನೆನಪಾಯಿತು. ಅವರೇ ಹೋಗಿ ಹತ್ತಿದ್ದಲ್ವೇನಮ್ಮ? ಮೂರು ವರ್ಷ ನನ್ನನ್ನು ಮೆಟ್ಟಿಲಿಂದ ಮೆಟ್ಟಿಲಿಗೆ ಅಲೆಸಿದ್ದು ನನ್ನ ಟ್ರಂಕಿನಲ್ಲಿದ್ದ ಹಾಳೆ. ನಾನು ಹಬ್ಬಕ್ಕೊಮ್ಮೆ ಹೊರತೆಗೆದು ದೇವರ ಪಟದ ಪಕ್ಕ ಇಟ್ಟು ಪೂಜೆ ಮಾಡಿದ ಹಾಳೆ. ಸತ್ತವನನ್ನು ಅಷ್ಟು ಎತ್ತರಕ್ಕೆ ಏರಿಸಿದರೆ ಅವನನ್ನು ಅಲ್ಲಿಗೆ ಕಳಿಸಿದವರು ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗ ಸತ್ತ ಲೈನ್‌ಮನ್ ಹೆಂಡತಿಗೆ ಇನ್ನೂ ಇಪ್ಪತ್ತೆರಡು. ಅವಳಿಗೆ ಸಿಗಬಹುದಾದ್ದು ಆಫೀಸಿನಲ್ಲಿ ಒಂದು ಅಟೆಂಡರ್ ಕೆಲಸ. ಆ ಸಾಲು ಫೈಲಿಗೆ ಹೋದರೆ ಅವಳೂ ಆ ಮೇಜಿನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಿತ್ತು.

"ನಿಮ್ಮ ಕೆಲಸ ಅನುಕಂಪದ್ದು. ಮರೀಬೇಡಿ" ಎಂದರು ಪಿ.ಎ.

"ಮರೆತಿಲ್ಲ ಸಾರ್. ನೀವೇ ಹೊಡ್ಕೊಳ್ಳಿ" ಎಂದು ಎದ್ದು ನಿಂತೆ.

ಅವರು ಕೀಲಿಗಳನ್ನು ನೋಡಿದರು. ಕನ್ನಡದ ಕೀಲಿಮಣೆ ಗೊತ್ತಿಲ್ಲದವರಿಗೆ ಅದರಲ್ಲಿ 'ಕ' ಹುಡುಕಲೂ ಹೊತ್ತು ಬೇಕು. "ಬಿಡಿ, ಬಿಡಿ. ಆ ಸಾಲು ಬಿಟ್ಟು ಮಿಕ್ಕಿದ್ದು ಹೊಡೀರಿ. ಅವರಿಗೆ ಬಾಯಿಪಾಠ ಇದೆ" ಎಂದರು.

ಗೆದ್ದೆ ಅಂದುಕೊಂಡೆನಾ? ಇಲ್ಲ. ಹಾಳೆಯಲ್ಲಿ ಇಲ್ಲದಿದ್ದರೂ ಬಾಯಲ್ಲಿ ಇದೆಯಲ್ಲ. ಮುಗಿಸಿ ಕೊಟ್ಟೆ. ಪಿ.ಎ. ಓದಿ, ತಲೆಯಾಡಿಸಿ, ಶಾಮಿಯಾನ ನೋಡಲು ಹೊರಗೆ ಹೋದರು.

ನಾನು ಇನ್ನೊಂದು ಸ್ಟೆನ್ಸಿಲ್ ಹಾಕಿದೆ. ಮೇಲೆ 'ನಕಲು' ಎಂದು ಹೊಡೆದೆ. ಮೆಸೇಜ್ ಪುಸ್ತಕದ ಮಂಗಳವಾರದ ಎರಡು ಸುದ್ದಿಗಳನ್ನೂ ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ ಹೊಡೆದೆ. ಹತ್ತೂ ಇಪ್ಪತ್ತರದು, ಹನ್ನೊಂದೂ ಐದರದು. ಕೆಳಗೆ 'ಮೂಲದಂತೆ ನಕಲು ಮಾಡಿದೆ' ಎಂದು ಹೊಡೆದೆ. ಆಫೀಸಿನಲ್ಲಿ ಯಾವ ಕಾಗದ ಹೊಡೆದರೂ ಎಡಗಡೆ ಮೂಲೆಯಲ್ಲಿ ಟೈಪಿಸ್ಟ್ ತನ್ನ ಹೆಸರಿನ ಎರಡು ಅಕ್ಷರ ಹಾಕಬೇಕು. ತಪ್ಪಾದರೆ ಯಾರದೆಂದು ತಿಳಿಯಲಿ ಎಂದು. ನಾಯಕರ ಭಾಷಣಕ್ಕೆ ಮಾತ್ರ ಹಾಕಬಾರದೆಂದು ಪಿ.ಎ. ಹೇಳಿದ್ದರು. ಈ ಹಾಳೆಗೆ ಹಾಕಿದೆ.

ಸೈಕ್ಲೋಸ್ಟೈಲ್ ಯಂತ್ರದ ಹಿಡಿಯನ್ನು ನಾನೇ ತಿರುಗಿಸಿದೆ. ಭಾಷಣ ನೂರು, ನಕಲು ನೂರು. ಎರಡೆರಡು ಹಾಳೆ ಸೇರಿಸಿ ಪಿನ್ ಹೊಡೆದೆ. ಕೈಯೆಲ್ಲ ಮಸಿ. ಒಂದು ಜೊತೆಯನ್ನು ಹೆಡ್ ಕ್ಲಾರ್ಕ್ ಮೇಜಿನ ಮೇಲಿಟ್ಟೆ.

"ಸಾರ್, ಭಾಷಣದ ಹಿಂದೆ ಇದನ್ನೂ ಸೇರಿಸಿದೀನಿ. ನಿಮಗೆ ಗೊತ್ತಿರ್ಲಿ."

ಓದಿದರು. ಎರಡನೇ ಸಲ ಓದಿದರು. ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. "ಕನ್ನಡಕ ಇಲ್ದೆ ನಂಗೇನೂ ಕಾಣ್ಸಲ್ಲಮ್ಮ" ಎಂದು ಹೇಳಿ ಕಾಫಿಗೆ ಎದ್ದು ಹೋದರು. ಅಷ್ಟು ಮಾಡಿದ್ದೇ ಅವರಿಗೆ ದೊಡ್ಡದು.

ನಾಲ್ಕಕ್ಕೆ ಎಂದಿದ್ದ ಸಭೆ ಐದಕ್ಕೆ ಶುರುವಾಯಿತು. ಲೈನ್‌ಮನ್‌ಗಳು ಖಾಕಿಯಲ್ಲಿ ಹಿಂದೆ ನಿಂತಿದ್ದರು. ಅವನ ಹೆಂಡತಿ ಮುಂದಿನ ಸಾಲಿನಲ್ಲಿ, ಮಡಿಲಲ್ಲಿ ಕೂಸು. ನಾನು ಕಾಪಿಗಳನ್ನು ಹಂಚಿದೆ. ಪೇಪರ್‌ನವರಿಗೆ, ಯೂನಿಯನ್ನಿನವರಿಗೆ, ಕೊನೆಗೆ ಅವಳ ಕೈಗೆ. ವೇದಿಕೆಯ ಕಾಪಿಯನ್ನು ಪಿ.ಎ. ತಾವೇ ರಾಶಿಯಿಂದ ಎತ್ತಿಕೊಂಡರು. ಮೇಲಿನ ಹಾಳೆಯನ್ನಷ್ಟೇ ನೋಡಿದರು.

ನಾಯಕರು ಓದತೊಡಗಿದರು. ಅವರ ದನಿ ನಿಜವಾಗಿ ಚೆನ್ನಾಗಿತ್ತು. ಆ ಸಾಲಿನ ಜಾಗ ಬಂದಾಗ ಕಾಗದದಿಂದ ತಲೆ ಎತ್ತಿದರು. ಪಿ.ಎ. ಹೇಳಿದಂತೆ ಬಾಯಿಪಾಠವಿತ್ತು.

"ತಾಯಂದಿರೇ, ಆ ದಿನ ಮನೆಯಲ್ಲಿ ಊಟಕ್ಕೆ ಕೂತಿದ್ದ. ಬಡಿಸಿದ ತಟ್ಟೆ ಮುಂದಿತ್ತು. ಯಾರ ಅಪ್ಪಣೆಗೂ ಕಾಯದೆ..." ಕರವಸ್ತ್ರ ಹೊರಬಂತು.

"ಇಲ್ಲ ಸ್ವಾಮಿ" ಎಂದು ಮುಂದಿನ ಸಾಲಿನಿಂದ ಒಂದು ದನಿ. ಅವಳು ಎದ್ದು ನಿಂತಿದ್ದಳು. "ನಾನು ಬಡಿಸ್ಲಿಲ್ಲ. ಬುತ್ತಿ ಕಟ್ಟಿ ಕಳ್ಸಿದ್ದೆ. ಚಿತ್ರಾನ್ನ. ಬಿಚ್ಚದೆ ವಾಪಸ್ ಬಂತು."

ನಾಯಕರು ಪಳಗಿದವರು. "ಸಮಾಧಾನ ತಾಯಿ, ಸಮಾಧಾನ" ಎಂದು, ಮುಂದಕ್ಕೆ ಹೋಗಿಬಿಡೋಣ ಎಂದು ಹಾಳೆ ಮಗುಚಿ, ಕಣ್ಣಿಗೆ ಬಿದ್ದದ್ದನ್ನು ಅದೇ ಗದ್ಗದ ದನಿಯಲ್ಲಿ ಓದತೊಡಗಿದರು.

"ಬೆಳಿಗ್ಗೆ ಹತ್ತೂ ಇಪ್ಪತ್ತು. ಸೆಕ್ಷನ್ ಇಂಜಿನಿಯರ್ ಫೋನ್. ಲೈನ್ ಕ್ಲಿಯರ್ ತೆಗೆದುಕೊಂಡಾಗಿದೆ. ಲೈನ್‌ಮನ್ ಕೂಡಲೇ ಹೋಗಲಿ. ಹನ್ನೊಂದೂ ಐದು. ಸೆಕ್ಷನ್ ಇಂಜಿನಿಯರ್ ಫೋನ್. ಇನ್ನೈದು ನಿಮಿಷದಲ್ಲಿ ಸಪ್ಲೈ ಕೊಡುತ್ತಿದ್ದೇವೆ..."

ಅಲ್ಲಿಗೆ ಅವರ ದನಿ ತಾನಾಗಿ ನಿಂತಿತು. ಪಿ.ಎ. ವೇದಿಕೆಗೆ ಓಡಿದರು. ಹಿಂದಿನಿಂದ ಒಬ್ಬ ವಯಸ್ಸಾದ ಲೈನ್‌ಮನ್ ಕೂಗಿ ಹೇಳಿದ:

"ಇನ್ನೊಂದ್ಸಲ ಓದಿ ಸಾರ್. ಹಿಂದೆ ಕೇಳಿಸ್ಲಿಲ್ಲ."

ನಾಯಕರು ಓದಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ಮೌನಾಚರಣೆ ಎಂದರು. ಎಲ್ಲರೂ ಎದ್ದು ನಿಂತರು. ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರ ಕಣ್ಣೀರು ನಿಜವೇ ಇದ್ದಿರಬಹುದು. ಅದು ಯಾರಿಗಾಗಿ ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಮಾರನೆಯ ದಿನ ನನಗೆ ಮೆಮೋ ಬಂತು. ಮೇಲಿನವರ ಅನುಮತಿ ಇಲ್ಲದೆ ಕಚೇರಿಯ ದಾಖಲೆಯ ನಕಲು ಹಂಚಿದ್ದೀರಿ, ಏಕೆ ಕ್ರಮ ಕೈಗೊಳ್ಳಬಾರದು, ಮೂರು ದಿನದಲ್ಲಿ ಉತ್ತರಿಸಿ. ಯೂನಿಯನ್ನಿನವರು ಉದ್ದದ ಉತ್ತರ ಬರೆದುಕೊಡುತ್ತೇವೆ ಎಂದರು. ಬೇಡ ಎಂದೆ. ಮೆಮೋವನ್ನು ಎರಡು ದಿನ ಸೊಂಟದಲ್ಲಿ ಸಿಕ್ಕಿಸಿಕೊಂಡು ಓಡಾಡಿದೆ. ಮೂರನೆಯ ದಿನ ನನ್ನ ಯಂತ್ರದಲ್ಲೇ ಉತ್ತರ ಹೊಡೆದೆ. ಹಂಚಿದ್ದು ನಾನೇ, ಅದಕ್ಕೆ ಬರುವ ಶಿಕ್ಷೆ ನನಗಿರಲಿ. 'ನಾನು ಹೊಡೆದ ನಕಲು ಮೂಲದಂತೆ ಇದೆಯೋ ಇಲ್ಲವೋ ಎಂಬುದನ್ನು ಮೂಲ ಪುಸ್ತಕ ತರಿಸಿ ಪರಿಶೀಲಿಸಬೇಕೆಂದು ವಿನಂತಿ.' ಕೆಳಗೆ ಎಡಗಡೆ ಎರಡು ಅಕ್ಷರ.

ಅದನ್ನು ಓದಿ ಹೆಡ್ ಕ್ಲಾರ್ಕ್ ನಕ್ಕುಬಿಟ್ಟರು. "ಅಲ್ಲಮ್ಮ, ನಿಮ್ಮನ್ನ ಹಿಡೀಬೇಕು ಅಂದ್ರೆ ಆ ಪುಸ್ತಕನೇ ಫೈಲಿಗೆ ಹಾಕ್ಬೇಕಲ್ಲ!"

ಹಾಕಬೇಕಾಯಿತು. ವಿಚಾರಣೆಯಲ್ಲಿ ನನ್ನನ್ನು ಕರೆದರು. ಇಂಜಿನಿಯರ್ ಎದುರಿಗೇ ಕೂತಿದ್ದರು. ವಿಚಾರಣೆಯ ಅಧಿಕಾರಿ, ಬರಹ ನಿಮ್ಮದೇನಾ ಎಂದರು. ನನ್ನದೇ ಎಂದೆ. ಅಷ್ಟೇ ಸಾಕಿತ್ತು, ಆದರೂ ಕೇಳದಿದ್ದ ಒಂದು ಮಾತನ್ನು ನಾನೇ ಹೇಳಿದೆ. "ಅವರು ಇಳಿದಿದಾರಾ ಅಂತ ನಾನು ಫೋನಲ್ಲಿ ಕೇಳ್ಬೇಕಿತ್ತು. ಕೇಳ್ಲಿಲ್ಲ. ಅದನ್ನೂ ಬರ್ಕೊಳ್ಳಿ." ಬರೆದುಕೊಂಡರು.

ಲೈನ್‌ಮನ್ ಕರ್ತವ್ಯದ ಮೇಲಿದ್ದ ಎಂದು ತೀರ್ಮಾನವಾಯಿತು. ಇಂಜಿನಿಯರಿಗೆ ವರ್ಗ, ಅಷ್ಟೇ. ಅವಳು ಮುಂದಿನ ಯುಗಾದಿಯ ಹೊತ್ತಿಗೆ ನಮ್ಮ ಆಫೀಸಿನಲ್ಲೇ ಅಟೆಂಡರಾಗಿ ಸೇರಿದಳು. ನನ್ನನ್ನು ಯಂತ್ರದ ಮುಂದಿನಿಂದ ಎಬ್ಬಿಸಿ ಎರಡು ವರ್ಷ ಸ್ಟೋರಿನಲ್ಲಿ ಕಂಬದ ಪಿಂಗಾಣಿ ಇನ್ಸುಲೇಟರ್ ಎಣಿಸಲು ಹಾಕಿದರು. ಅವಳು ದಿನಾ ಹನ್ನೊಂದಕ್ಕೆ ಅಲ್ಲಿಗೆ ಕಾಫಿ ತರುತ್ತಿದ್ದಳು. ನಾವು ಆ ಸಭೆಯ ಮಾತು ಒಂದು ದಿನವೂ ಆಡಲಿಲ್ಲ.

ನಿಮ್ಮ ಅಪ್ಪನಿಗೆ ಆಗಲೇ ನಿಜ ಹೇಳಿದೆ. ಅವನಿಗೆ ಹದಿಮೂರೋ ಹದಿನಾಲ್ಕೋ. "ಇರ್ಲಿ ಬಿಡಮ್ಮ, ಅದೇ ಚೆನ್ನಾಗಿದೆ" ಎಂದ. ಅಪ್ಪನಿಲ್ಲದ ಹುಡುಗ, ಕೈಯಲ್ಲಿದ್ದ ಒಂದೇ ಕಥೆ. ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಅಲ್ಲಿ ನಾನು ಮತ್ತೆ ಸುಮ್ಮನಾದೆ. ಅದರ ಫಲವೇ ಹೋದ ತಿಂಗಳ ಬಹುಮಾನ.

ಈಗ ನಿಜ ಕೇಳಿ. ತಾತ ಹೋದ ದಿನ ಸೋಮವಾರ. ನಿಮ್ಮ ತಾತ ಸೋಮವಾರ ಒಪ್ಪತ್ತು ಮಾಡುತ್ತಿದ್ದರು, ಸಂಜೆವರೆಗೂ ಏನೂ ತಿನ್ನುತ್ತಿರಲಿಲ್ಲ. ಮಧ್ಯಾಹ್ನ ಮಳೆ ಹಿಡಿದಿತ್ತು. ಆಫೀಸಿನಿಂದ ಆಳು ಬಂದು ಸಾಹೇಬರು ಕರೆಯುತ್ತಿದ್ದಾರೆ, ಈಗಲೇ ಹೋಗಬೇಕಂತೆ ಎಂದ. ತಾತ ಗೋಡೆಯ ಮೊಳೆಯಿಂದ ಷರಟು ಎಳೆದುಕೊಂಡು, "ಈ ಮಳೇಲಿ ಕಂಬ ಹತ್ತೋಕೆ ಅವರಪ್ಪನ್ನ ಕರ್ಕೊಂಡ್ ಬರ್ಲಿ" ಎಂದು ಬೈದರು. ಒದ್ದೆ ಕಂಬ ಎಂದರೆ ಅವರಿಗೆ ಭಯವಿತ್ತು. ನನ್ನ ಹತ್ತಿರ ಹೇಳಿಯೂ ಇದ್ದರು. ಹೊಸಿಲು ದಾಟಿ ತಿರುಗಿ, "ಅವಲಕ್ಕಿ ನೆನೆಹಾಕಿರು, ಬೆಲ್ಲ ಜಾಸ್ತಿ ಹಾಕು" ಎಂದರು. ನೆನೆಹಾಕಿದೆ.

ಟ್ರಂಕಿನಲ್ಲಿ ಆ ಹಾಳೆ ಈಗಲೂ ಇದೆ. ಪಕ್ಕದಲ್ಲಿ ಮಡಚಿದ ಸ್ಟೆನ್ಸಿಲ್ ಕೂಡ. ಸ್ಟೋರಿಗೆ ಹೋದ ಮೊದಲ ದಿನ ಮನೆಗೆ ಬಂದು ಆ ಹಾಳೆಯ ಕೆಳಗೆ ಪೆನ್ನಿನಲ್ಲಿ ಬರೆದೆ: 'ತಟ್ಟೆ ಬಡಿಸಿರಲಿಲ್ಲ. ಅವರನ್ನು ಕಳಿಸಿದ್ದರು.' ಎಡಗಡೆ ನನ್ನ ಎರಡು ಅಕ್ಷರ ಹಾಕಿದ್ದೇನೆ. ಹೋಗಿ ತೆಗೆದು ನೋಡಿ.

ಮುಂದಿನ ಸಲ ತಾತನ ಬಗ್ಗೆ ಮಾತಾಡುವಾಗ ಅವರು ಬೈದುಕೊಂಡು ಹೋದರು ಎಂದೇ ಹೇಳಿ. ಬಹುಮಾನ ಬರದಿದ್ದರೆ ಬೇಡ. ನಾನು ಕೊನೆಯ ಸಾಲಿನಲ್ಲಿ ಕೂತಿರುತ್ತೇನೆ, ಚಪ್ಪಾಳೆ ತಟ್ಟುತ್ತೇನೆ.